ಕಿಲ್ಲರ್ ಸುಡೊಕು ಕಟ್ಟಿದೆ, ಉತ್ತರ ಎರಡೆರಡು ಬರುತ್ತಿವೆ. ಎಲ್ಲಿ ಎಡವಿದೆ?

ಪ್ರಶ್ನೆ: ಪತ್ರಿಕೆಯಲ್ಲಿ ಬರುವ ಕಠಿಣ ಸುಡೊಕು ಈಗ ಸಲೀಸಾಗಿದೆ. ಕಿಲ್ಲರ್, ಥರ್ಮೊ, ವಿಸ್ಪರ್ ಬಗೆಯವಕ್ಕೆ ಕೈ ಹಾಕಿದರೆ ಮಾತ್ರ ಆರಂಭದಲ್ಲೇ ಸಿಕ್ಕಿಬೀಳುತ್ತೇನೆ. ನಾನೇ ಒಂದು ಕಿಲ್ಲರ್ ಕಟ್ಟಲು ಹೊರಟೆ. ತುಂಬಿದ ಸುಡೊಕು ಒಂದನ್ನು ತೆಗೆದುಕೊಂಡು ಅದರ ಮೇಲೆ 30 ಕೇಜ್ (ಗೆರೆಯಿಂದ ಸುತ್ತುವರಿದ ಮನೆಗಳ ಗುಂಪು; ಒಳಗಿನ ಅಂಕಿಗಳ ಮೊತ್ತವೇ ಸುಳಿವು, ಸಾಮಾನ್ಯವಾಗಿ ಒಳಗೆ ಅಂಕಿ ಮರುಕಳಿಸಬಾರದು) ಎಳೆದು ಮೊತ್ತ ಬರೆದೆ. ಸುಲಭವಾಗಬಾರದೆಂದು 3 ಮನೆಯ ಕೇಜ್‌ಗಳ ಮೊತ್ತವನ್ನೆಲ್ಲ 13ರಿಂದ 17ರೊಳಗೆ ಇಟ್ಟೆ. ಸಾಫ್ಟ್‌ವೇರ್‌ಗೆ ಹಾಕಿದರೆ ಎರಡು ಉತ್ತರ ಇವೆ ಎನ್ನುತ್ತದೆ. ಅಲ್ಲೊಂದು ಇಲ್ಲೊಂದು ಅಂಕಿ ಕೊಟ್ಟುಬಿಡಲೇ? ಇಂಥವನ್ನು ಕಟ್ಟುವವರು, ಬಿಡಿಸುವವರು ಎಲ್ಲಿಂದ ಶುರು ಮಾಡುತ್ತಾರೆ?

ಉತ್ತರ: ಅಂಕಿ ಕೊಡಬೇಡಿ. ಎರಡು ಉತ್ತರ ಬಂದಿರುವುದು ಸಣ್ಣ ತೊಂದರೆ, ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ದೊಡ್ಡ ತೊಂದರೆ ಬೇರೆ ಇದೆ: ನಿಮ್ಮ ಪಜಲ್‌ಗೆ ಬಾಗಿಲೇ ಇಲ್ಲ, ಅಂದರೆ ತರ್ಕದಿಂದ ಬಿಡಿಸಲು ಶುರು ಮಾಡುವ ಜಾಗವೇ ಇಲ್ಲ.

ಮೊದಲು ಸಣ್ಣದು. ಮನೆಗಳ ಗುರುತಿಗೆ ಸಾ2ಕಾ4 ಎಂದು ಬರೆದರೆ 2ನೇ ಸಾಲು, 4ನೇ ಕಾಲಂ ಎಂದುಕೊಳ್ಳಿ. ಉತ್ತರದಲ್ಲಿ ಸಾ1ಕಾ1 ಮನೆಯಲ್ಲಿ 3, ಸಾ2ಕಾ1ರಲ್ಲಿ 7, ಸಾ1ಕಾ5ರಲ್ಲಿ 7, ಸಾ2ಕಾ5ರಲ್ಲಿ 3 ಇದೆ ಎನ್ನೋಣ. ಈ ನಾಲ್ಕರಲ್ಲಿ 3 ಮತ್ತು 7ನ್ನು ಅದಲುಬದಲು ಮಾಡಿದರೆ ಸಾಲು, ಕಾಲಂ, ಬಾಕ್ಸ್ (3×3 ಮನೆಗಳ ಗುಂಪು) ಯಾವುದೂ ಕೆಡುವುದಿಲ್ಲ. ಮಾಮೂಲಿ ಸುಡೊಕುವಿನಲ್ಲಿ ನಾಲ್ಕರಲ್ಲಿ ಒಂದು ಅಂಕಿ ಕೊಟ್ಟು ಇದನ್ನು ಮುರಿಯುತ್ತಾರೆ. ಕಿಲ್ಲರ್‌ನಲ್ಲಿ ಮುರಿಯಬೇಕಾದದ್ದು ಕೇಜ್‌ನ ಗೆರೆ. ಸಾ1ಕಾ1, ಸಾ2ಕಾ1 ಒಂದೇ ಕೇಜ್‌ನೊಳಗಿದ್ದು, ಸಾ1ಕಾ5, ಸಾ2ಕಾ5 ಕೂಡ ಒಂದೇ ಕೇಜ್‌ನೊಳಗಿದ್ದರೆ ಅದಲುಬದಲಾದರೂ ಎರಡೂ ಮೊತ್ತ ಹಾಗೇ ಉಳಿಯುತ್ತವೆ. ಸಾ2ಕಾ1 ಮನೆಯನ್ನು ಆ ಕೇಜ್‌ನಿಂದ ಬಿಡಿಸಿ ಪಕ್ಕದ ಕೇಜ್‌ಗೆ ಸೇರಿಸಿ, ಎರಡರ ಮೊತ್ತವನ್ನೂ ತಿದ್ದಿ. ಈಗ ಅದಲುಬದಲು ಮಾಡಿದರೆ ಮೊತ್ತ 4 ಹೆಚ್ಚುಕಡಿಮೆ ಆಗುತ್ತದೆ, ಎರಡನೇ ಉತ್ತರ ಅಲ್ಲೇ ಸಾಯುತ್ತದೆ.

ಎಡವಟ್ಟು ಎಲ್ಲಿದೆ ಎಂದು ಹುಡುಕುವುದು ಕಷ್ಟವಲ್ಲ. ಎಫ್-ಪಜಲ್ಸ್‌ನಂಥ ತಾಣದಲ್ಲಿ ಯಾವ ಮನೆಗೆ ಯಾವ ಅಂಕಿಗಳು ನಿಜವಾಗಿ ಸಾಧ್ಯ ಎಂದು ತೋರಿಸುವ ಸೌಲಭ್ಯ ಇದೆ. ಒಂದಕ್ಕಿಂತ ಹೆಚ್ಚು ಅಂಕಿ ಉಳಿದ ಮನೆಗಳೇ ಕಿಡಿಗೇಡಿಗಳು. ನಾಲ್ಕು ಮನೆ ಉಳಿದರೆ ಮೇಲೆ ಹೇಳಿದ ಚೌಕ. ಆರು ಉಳಿದರೆ ಬಹುಶಃ ಎರಡು ಸಾಲು ಮೂರು ಬಾಕ್ಸ್‌ಗೆ ಹರಡಿದ ಸುತ್ತು (ಮೇಲೆ 1, 2, 3, ಅವುಗಳ ಕೆಳಗೆ 2, 3, 1), ಮದ್ದು ಅದೇ. ಮೂವತ್ತು ಮನೆ ಉಳಿದರೆ ಗೆರೆ ತಿದ್ದುತ್ತಾ ಕೂರಬೇಡಿ, ಹೊಸದಾಗಿ ಕಟ್ಟಿ. ಒಂದು ಎಚ್ಚರಿಕೆ: ಗೆರೆ ಸರಿಸಿದಾಗ ಹಳೆಯ ಕೇಜ್ ಕೊಡುತ್ತಿದ್ದ ಮಾಹಿತಿಯೂ ಹೋಗುತ್ತದೆ, ಬೇರೆ ಕಡೆ ಹೊಸ ತೂತು ಬೀಳಬಹುದು. ಪ್ರತಿ ಬದಲಾವಣೆಯ ಬಳಿಕ ಉತ್ತರ ಎಷ್ಟಿವೆ ಎಂದು ಮತ್ತೆ ಎಣಿಸಿ ನೋಡಿ.

ಇನ್ನು ಬಾಗಿಲಿನ ವಿಷಯ. 3 ಮನೆಯಲ್ಲಿ 15 ಬರಲು 8 ಜೋಡಣೆಗಳಿವೆ. 14ಕ್ಕೂ 16ಕ್ಕೂ ಎಂಟೆಂಟು, 13ಕ್ಕೂ 17ಕ್ಕೂ ಏಳೇಳು. 4 ಮನೆಯಲ್ಲಿ 20 ಎಂದರೆ 12. ಇಂಥ ಕೇಜ್‌ಗಳಿಂದ ಬಿಡಿಸುವವರಿಗೆ ಮೊದಲ ಹೆಜ್ಜೆಯಲ್ಲಿ ಏನೂ ಸಿಗುವುದಿಲ್ಲ. ಅದೇ 3 ಮನೆಯಲ್ಲಿ 6 ಎಂದರೆ 1-2-3 ಮಾತ್ರ, 7 ಎಂದರೆ 1-2-4 ಮಾತ್ರ, 23 ಎಂದರೆ 6-8-9, 24 ಎಂದರೆ 7-8-9. ಎರಡು ಮನೆಯಲ್ಲಿ 3, 4, 16, 17. ನಾಲ್ಕರಲ್ಲಿ 10, 11, 29, 30. ಇವಕ್ಕೂ ಒಂದೊಂದೇ ಜೋಡಣೆ. ಇವನ್ನೆಲ್ಲ ತೆಗೆದುಹಾಕಿದರೆ ಪಜಲ್ ಕಷ್ಟವಾಗುತ್ತದೆ ಎಂಬುದು ಹೊಸಬರ ತಪ್ಪು ಕಲ್ಪನೆ. ಆಗುವುದು ಕಷ್ಟವಲ್ಲ, ಕಾಟ. ಬಿಡಿಸುವವರಿಗೆ ಊಹೆ ಹಾಕಿ ನೋಡುವುದನ್ನು ಬಿಟ್ಟರೆ ದಾರಿ ಇರುವುದಿಲ್ಲ.

ಒಂದೇ ಜೋಡಣೆಯ ಕೇಜ್‌ಗಳನ್ನು ಇಟ್ಟುಕೊಂಡೇ ಬಾಗಿಲನ್ನು ಮರೆಮಾಡುವುದು ಹೇಗೆ ಎಂಬುದಕ್ಕೆ ಒಂದು ಮೂಲೆ ಸಾಕು. ಮೊದಲ ಬಾಕ್ಸ್ ತೆಗೆದುಕೊಳ್ಳಿ. ಸಾ1ಕಾ1, ಸಾ2ಕಾ1 ಸೇರಿ 17ರ ಕೇಜ್. ಸಾ1ಕಾ2, ಸಾ1ಕಾ3, ಸಾ2ಕಾ2 ಸೇರಿ 7ರ ಕೇಜ್. ಉಳಿದ ನಾಲ್ಕು ಮನೆ (ಸಾ2ಕಾ3 ಮತ್ತು 3ನೇ ಸಾಲಿನ ಮೂರು) ಜೊತೆಗೆ ಬಾಕ್ಸ್‌ನಿಂದ ಹೊರಗೆ ಚಾಚಿದ ಸಾ2ಕಾ4 ಸೇರಿ ಐದು ಮನೆಯ 29ರ ಕೇಜ್. ಬಾಕ್ಸ್‌ನ ಒಟ್ಟು ಮೊತ್ತ ಯಾವಾಗಲೂ 45. ಅದರಲ್ಲಿ 17, 7 ಕಳೆದರೆ 21, ಅದು ಒಳಗಿನ ನಾಲ್ಕು ಮನೆಯದು. 29ರಲ್ಲಿ 21 ಹೋದರೆ ಹೊರಗಿನ ಸಾ2ಕಾ4ರಲ್ಲಿ 8. ಈ 8 ಎರಡನೇ ಸಾಲಿನಲ್ಲೇ ಇರುವುದರಿಂದ 17ರ ಕೇಜ್‌ನಲ್ಲಿ ಸಾ2ಕಾ1 ಇನ್ನು 8 ಆಗಲಾರದು, ಅದು 9, ಅದರ ಮೇಲಿನದು 8. ಒಂದೂ ಅಂಕಿ ಕೊಡದೆ ಮೂರು ಮನೆ ತುಂಬಿದವು. ಮೂರು ಕೇಜ್‌ಗಳಲ್ಲಿ 29ರದು ಒಂಟಿಯಾಗಿ ನೋಡಿದರೆ ಏನನ್ನೂ ಹೇಳದ ಕೇಜ್. ಬಾಗಿಲು ಇರುವುದು ಅಲ್ಲೇ.

ಈಗ ಅದೇ 29ರ ಬದಲು 26 ಎಂದು ಬರೆದು ನೋಡಿ. ಹೊರಗಿನ ಮನೆಗೆ 5 ಬರುತ್ತದೆ. ಲೆಕ್ಕ ಸರಿ, ಪಜಲ್ ಸತ್ತಿತು. ಏಕೆಂದರೆ 17ಕ್ಕೆ 8-9, 7ಕ್ಕೆ 1-2-4 ಹೋದ ಮೇಲೆ ಒಳಗಿನ ನಾಲ್ಕು ಮನೆಯಲ್ಲಿ ಇರಲೇಬೇಕಾದದ್ದು 3, 5, 6, 7. ಒಂದೇ ಕೇಜ್‌ನಲ್ಲಿ 5 ಎರಡು ಸಲ ಬಂತು. 45ರ ಲೆಕ್ಕ ಹಿಡಿದು ಕಟ್ಟುವವರು ಹೆಚ್ಚಾಗಿ ಮುಗ್ಗರಿಸುವುದು ಇಂಥ ಕಡೆ: ಮೊತ್ತ ನೋಡುತ್ತಾರೆ, ಕೇಜ್‌ನೊಳಗೆ ಅಂಕಿ ಮರುಕಳಿಸುವುದನ್ನು ನೋಡುವುದಿಲ್ಲ.

ಹಾಗಾಗಿ ತುಂಬಿದ ಉತ್ತರದಿಂದ ಹಿಂದಕ್ಕೆ ಬರುವ ನಿಮ್ಮ ಪದ್ಧತಿಯನ್ನೇ ಬಿಡಬೇಕು. ಕಂಪ್ಯೂಟರ್ ಕಟ್ಟುವುದು ಹಾಗೆ. ಕೈಯಲ್ಲಿ ಕಟ್ಟುವವರು ಖಾಲಿ ಚೌಕದಿಂದ ಶುರು ಮಾಡಿ, ಬಿಡಿಸುತ್ತಾ ಬಿಡಿಸುತ್ತಾ ಕಟ್ಟುತ್ತಾರೆ. ಒಂದೆರಡು ಸುಳಿವು ಇಡಬೇಕು, ಅವುಗಳಿಂದ ಎಷ್ಟು ಹೊರಡುತ್ತದೋ ಅಷ್ಟನ್ನು ತರ್ಕದಿಂದ ತುಂಬಬೇಕು, ನಿಂತ ಕಡೆ ಮುಂದಿನ ಸುಳಿವು. ಉತ್ತರ ಏನೆಂಬುದು ಕಟ್ಟುವವರಿಗೂ ಕೊನೆಯ ತನಕ ಗೊತ್ತಿರುವುದಿಲ್ಲ. ಹೀಗೆ ಕಟ್ಟಿದಾಗ ಬಿಡಿಸುವ ದಾರಿ ತಾನಾಗಿ ಒಳಗೆ ಕೂತಿರುತ್ತದೆ.

ಇದನ್ನು ವಿಸ್ಪರ್ ಗೆರೆಯ ಮೇಲೆ ನೋಡೋಣ, ಅಲ್ಲಿ ಕೆಲಸ ಚೆನ್ನಾಗಿ ಕಾಣುತ್ತದೆ. ನಿಯಮ ಒಂದೇ: ಗೆರೆಯ ಮೇಲೆ ಅಕ್ಕಪಕ್ಕದ ಮನೆಗಳ ನಡುವಿನ ವ್ಯತ್ಯಾಸ ಕನಿಷ್ಠ 5. ಹಾಗಾದರೆ 5ಕ್ಕೆ ಗೆರೆಯ ಮೇಲೆ ಜಾಗವೇ ಇಲ್ಲ. 1ರಿಂದ 4ರವರೆಗಿನ ಸಣ್ಣವು, 6ರಿಂದ 9ರವರೆಗಿನ ದೊಡ್ಡವು ಒಂದು ಬಿಟ್ಟು ಒಂದು ಬರಬೇಕು. 4ರ ಪಕ್ಕ 9 ಮಾತ್ರ, 6ರ ಪಕ್ಕ 1 ಮಾತ್ರ. 3ರ ಪಕ್ಕ 8 ಅಥವಾ 9, 7ರ ಪಕ್ಕ 1 ಅಥವಾ 2.

ನಡುವಿನ ಬಾಕ್ಸ್‌ನಲ್ಲಿ ಸಾ4ಕಾ4ರಿಂದ ಹೊರಟು ಗಡಿಯಾರದ ಮುಳ್ಳಿನಂತೆ ಸುತ್ತಿ ಸಾ5ಕಾ4ರಲ್ಲಿ ನಿಲ್ಲುವ, 8 ಮನೆಯ ಗೆರೆ ಎಳೆಯಿರಿ. ತುದಿಗಳು ಕೂಡದಿರಲಿ. ಗೆರೆಯ ಹೊರಗೆ ಉಳಿದ ಒಂದೇ ಮನೆ, ಸಾ5ಕಾ5, ಅಲ್ಲಿ 5. ಇನ್ನು 4 ಎಲ್ಲಿ? ಗೆರೆಯ ನಡುವೆ ಇದ್ದರೆ ಎರಡೂ ಪಕ್ಕ 9 ಬೇಕು, ಒಂದೇ ಬಾಕ್ಸ್‌ನಲ್ಲಿ ಎರಡು 9 ಆಗದು. ಹಾಗಾಗಿ 4 ಒಂದು ತುದಿಯಲ್ಲಿ. ಅದೇ ಕಾರಣಕ್ಕೆ 6 ಇನ್ನೊಂದು ತುದಿಯಲ್ಲಿ. 4ರ ಪಕ್ಕ 9, 6ರ ಪಕ್ಕ 1. ಉಳಿದದ್ದು 2, 3, 7, 8. 3ರ ಎರಡೂ ಪಕ್ಕ 8, 9 ಬೇಕಾದ್ದರಿಂದ ಅದು 9ಕ್ಕೆ ಅಂಟಿಕೊಂಡೇ ಇರಬೇಕು, ಅದರಾಚೆ 8. ಮಿಕ್ಕಿದ್ದು ತಾನಾಗಿ ಕೂರುತ್ತದೆ: 4-9-3-8-2-7-1-6. ಇಡೀ ಬಾಕ್ಸ್‌ಗೆ ಇದೊಂದೇ ಸರಣಿ, ಈ ತುದಿಯಿಂದ ಅಥವಾ ಆ ತುದಿಯಿಂದ. ಗೆರೆಯ ತುದಿಗಳನ್ನು ಕೂಡಿಸಿ ಉಂಗುರ ಮಾಡಿದಿರೋ, 4ಕ್ಕೆ ಜಾಗವೇ ಇಲ್ಲದೆ ಪಜಲ್ ಮುರಿದುಬೀಳುತ್ತದೆ. ಉಂಗುರ ನೋಡಲು ಚೆಂದ ಎಂದು ಎಳೆದು ಆಮೇಲೆ ಕಾರಣ ಹುಡುಕುವವರು ಬಹಳ.

ಈಗ ದಿಕ್ಕು ತೀರ್ಮಾನವಾಗಬೇಕು. ಸಾ4ಕಾ4ರಲ್ಲಿ 4 ಎಂದು ಬರೆದುಬಿಟ್ಟರೆ ಕೆಲಸ ಮುಗಿಯಿತು, ಆದರೆ ಅದು ಬಡತನ. ಅಲ್ಲಿಂದ ಒಂದು ಥರ್ಮಾಮೀಟರ್ ಹೊರಡಿಸಿ: ಬುಡದ ಗುಂಡು ಸಾ4ಕಾ4ರಲ್ಲಿ, ಮೇಲೆ ಸಾ3ಕಾ4, ಎಡಕ್ಕೆ ತಿರುಗಿ ಸಾ3ಕಾ3, ಸಾ3ಕಾ2, ಸಾ3ಕಾ1, ಮತ್ತೆ ಮೇಲೆ ಸಾ2ಕಾ1. ಗುಂಡಿನಿಂದ ತುದಿಗೆ ಅಂಕಿ ಏರುತ್ತಲೇ ಹೋಗಬೇಕು. 6 ಮನೆಯ ಥರ್ಮೊಗೆ ಗುಂಡಿನಲ್ಲಿ 4ಕ್ಕಿಂತ ಹೆಚ್ಚು ಇರಲಾರದು. ಹಾಗಾಗಿ ಸಾ4ಕಾ4 6 ಅಲ್ಲ, 4. ಗುಂಡು 4 ಆದರೆ ಮುಂದೆ 5, 6, 7, 8, 9 ಸಾಲಾಗಿ. ಒಂದು ಅಂಕಿಯೂ ಕೊಡದೆ 14 ಮನೆ ತುಂಬಿಹೋಯಿತು.

ಇಲ್ಲೊಂದು ಗುಂಡಿ ಇದೆ. ಥರ್ಮೊವನ್ನು ಎಡಕ್ಕೆ ತಿರುಗಿಸದೆ 4ನೇ ಕಾಲಂನಲ್ಲೇ ನೆಟ್ಟಗೆ ಮೇಲೆ ಒಯ್ದಿದ್ದರೆ ಸಾ2ಕಾ4ರಲ್ಲಿ 6 ಬರುತ್ತಿತ್ತು. ವಿಸ್ಪರ್‌ನ ಇನ್ನೊಂದು ತುದಿಯ 6 ಆಗಲೇ ಸಾ5ಕಾ4ರಲ್ಲಿದೆ, ಅದೂ ಅದೇ ಕಾಲಂ. ಪಜಲ್ ಅಲ್ಲಿಗೇ ಮುಗಿಯಿತು. ಎರಡು ಸುಳಿವುಗಳು ಒಂದೇ ಸಾಲನ್ನೋ ಕಾಲಂನ್ನೋ ಹಂಚಿಕೊಂಡಾಗ ಪೆನ್ಸಿಲ್‌ನಲ್ಲಿ ಬರೆದು ನೋಡದೆ ಮುಂದೆ ಹೋಗಬಾರದು ಎನ್ನುವುದು ಇದಕ್ಕೇ.

ಆದರೂ ಇದನ್ನು ಹೀಗೇ ಬಿಟ್ಟರೆ ಚೆನ್ನಾಗಿರುವುದಿಲ್ಲ. 14 ಮನೆ ಒಂದೇ ಉಸಿರಿಗೆ ತುಂಬಿದರೆ ಉಳಿದದ್ದು ಮಾಮೂಲಿ ಸುಡೊಕು ಆಗಿಬಿಡುತ್ತದೆ. ಥರ್ಮೊದ ತುದಿಯ ಮನೆಯನ್ನು ಕತ್ತರಿಸಿ 5 ಮನೆಗೆ ಇಳಿಸಿ. ಗುಂಡಿನಲ್ಲಿ ಈಗ 5ರವರೆಗೂ ಇರಬಹುದು, ಆದರೂ 6 ಆಗದು, ದಿಕ್ಕು ತೀರ್ಮಾನವಾಯಿತು. ಎರಡನೇ ಮನೆ ಸಾ3ಕಾ4ರಲ್ಲಿ 5 ಅಥವಾ 6. ಅದೇ ಕಾಲಂನಲ್ಲಿ ವಿಸ್ಪರ್ ತುದಿಯ 6 ಇರುವುದರಿಂದ 5. ಮುಂದಿನ ಮೂರು ಮನೆ 6 ಅಥವಾ 7, 7 ಅಥವಾ 8, 8 ಅಥವಾ 9 ಎಂದು ತೆರೆದೇ ಉಳಿಯುತ್ತವೆ. ಬಾಗಿಲು ತೆರೆಯಿತು, ಮನೆ ಪೂರ್ತಿ ಬೆಳಗಲಿಲ್ಲ. ಮುಂದಿನ ಸುಳಿವನ್ನು ಮೊದಲ ಬಾಕ್ಸ್‌ನಲ್ಲಿ ಈ ಮೂರು ಮನೆಗೆ ತಾಗುವಂತೆ ಇಡಬೇಕೆಂದು ಜಾಗವೇ ಹೇಳುತ್ತಿದೆ.

ಥರ್ಮೊ ಕಟ್ಟುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. 7 ಮನೆಯ ಥರ್ಮೊದ ಗುಂಡಿನಲ್ಲಿ 1, 2, 3 ಮಾತ್ರ ಸಾಧ್ಯ. ಅಂಥ ಮೂರು ಗುಂಡು ಒಂದೇ ಸಾಲಿನಲ್ಲಿದ್ದರೆ ಆ ಸಾಲಿನ ಬೇರೆಲ್ಲೂ 1, 2, 3 ಬರುವುದಿಲ್ಲ, ಒಳ್ಳೆಯ ಬಾಗಿಲು. ನಾಲ್ಕನೆಯದನ್ನು ಇಟ್ಟರೆ ಉತ್ತರವೇ ಇಲ್ಲ. ಬಾಣದ ಬಗೆಯಲ್ಲಿ (ಬಾಣದ ಮೇಲಿನ ಅಂಕಿಗಳ ಮೊತ್ತ ವೃತ್ತದಲ್ಲಿ) ಇಂಥದ್ದೇ ತಪ್ಪು: 3 ಮನೆಯ ಎರಡು ಬಾಣ ಒಂದೇ ಬಾಕ್ಸ್‌ನೊಳಗೆ. ಆರು ಬೇರೆ ಬೇರೆ ಅಂಕಿಗಳ ಮೊತ್ತ ಕನಿಷ್ಠ 21, ಎರಡು ವೃತ್ತ ಸೇರಿದರೂ 18 ದಾಟದು.

ಬಿಡಿಸುವಾಗಲೂ ಇದೇ ಕಣ್ಣು ಬೇಕು. ನೀವು ಆರಂಭದಲ್ಲೇ ಸಿಕ್ಕಿಬೀಳಲು ಕಾರಣ ಬಹುಶಃ ಮಾಮೂಲಿ ಸುಡೊಕುವಿನ ಅಭ್ಯಾಸ: ಎಲ್ಲ ಮನೆಗೂ ಸಾಧ್ಯ ಅಂಕಿಗಳನ್ನು ತುಂಬಲು ಕೂರುವುದು. ಅಂಕಿಯೇ ಇಲ್ಲದ ಚೌಕದಲ್ಲಿ ಹಾಗೆ ಬರೆದರೆ ಕಾಗದ ಕಪ್ಪಾಗುತ್ತದೆ ಅಷ್ಟೇ. ಮೊದಲು ತುಟ್ಟತುದಿಯ ಸುಳಿವುಗಳನ್ನು ಹುಡುಕಿ: ಅತಿ ಉದ್ದದ ಥರ್ಮೊ, ಅತಿ ಸಣ್ಣ ಅಥವಾ ಅತಿ ದೊಡ್ಡ ಮೊತ್ತ, ಒಂದೇ ಬಾಕ್ಸ್‌ನಲ್ಲಿ ಗಿಜಿಗುಡುವ ಗೆರೆ. ಕಟ್ಟಿದವರು ಎಲ್ಲಿ ಶ್ರಮ ಹಾಕಿದ್ದಾರೋ ಅಲ್ಲಿ ಸುಳಿವುಗಳು ಗುಂಪುಗೂಡಿರುತ್ತವೆ. ವಿಸ್ಪರ್ ಇದ್ದರೆ ಅಂಕಿಯ ಬದಲು ಎರಡು ಬಣ್ಣ ಬಳಿಯಿರಿ, ಸಣ್ಣದಕ್ಕೊಂದು, ದೊಡ್ಡದಕ್ಕೊಂದು. ಯಾವ ಬಣ್ಣ ಯಾವುದು ಎಂದು ಆಮೇಲೆ ಗೊತ್ತಾದರೂ ಸಾಕು. ಸುಡೊಕು ವಿಶ್ವ ಚಾಂಪಿಯನ್‌ಶಿಪ್ ಮೂರು ಸಲ ಗೆದ್ದ ಥಾಮಸ್ ಸ್ನೈಡರ್ ಹೆಸರಿನಲ್ಲಿ ಒಂದು ಬರಹಪದ್ಧತಿ ಇದೆ: ಬಾಕ್ಸ್‌ನಲ್ಲಿ ಒಂದು ಅಂಕಿಗೆ ಎರಡೇ ಮನೆ ಉಳಿದಾಗ ಮಾತ್ರ ಅದನ್ನು ಮೂಲೆಯಲ್ಲಿ ಸಣ್ಣದಾಗಿ ಬರೆಯುವುದು. ಮಾಮೂಲಿ ಸುಡೊಕುವಿಗೆ ಅದು ಚಿನ್ನ. ಕಿಲ್ಲರ್‌ನಲ್ಲಿ ಅದರ ಜೊತೆಗೆ ಮನೆಯ ನಡುವೆ ಆ ಮನೆಗೆ ಉಳಿದ ಅಂಕಿಗಳನ್ನೂ ಬರೆಯಬೇಕಾಗುತ್ತದೆ, ಆದರೆ ಮೂರ್ನಾಲ್ಕಕ್ಕೆ ಇಳಿದ ಮೇಲೆ.

ಎಲ್ಲ ಕಡೆ ಗೋಡೆ ಎದುರಾದಾಗ ಬಳಸುವ ಒಂದು ಅಸ್ತ್ರವನ್ನು ಕಲಿತಿಟ್ಟುಕೊಳ್ಳಿ. ಜರ್ಮನಿಯ ಪಜಲ್ ರಚನಕಾರನೊಬ್ಬನ ಗುಪ್ತನಾಮದಿಂದ ಅದಕ್ಕೆ ಫಿಸ್ಟೊಮೆಫೆಲ್ ಉಂಗುರ ಎಂಬ ಹೆಸರು ಬಂದಿದೆ. ನಡುವಿನ ಬಾಕ್ಸ್‌ನ ಸುತ್ತ ಒಂದು ಉಂಗುರದಂತೆ 16 ಮನೆಗಳಿವೆ. ಚೌಕದ ನಾಲ್ಕು ಮೂಲೆಗಳಲ್ಲಿ 2×2ರಂತೆ 16 ಮನೆಗಳಿವೆ. ಯಾವುದೇ ಸುಡೊಕುವಿನಲ್ಲಿ ಈ ಎರಡು ಗುಂಪಿನ ಅಂಕಿಗಳೂ ಒಂದೇ. ನಂಬಿಕೆ ಬರದಿದ್ದರೆ ಕಾಗದದ ಮೇಲೆ ಮಾಡಿ ನೋಡಿ: 3ನೇ ಸಾಲು, 7ನೇ ಸಾಲು, ಎಡಮಧ್ಯದ ಬಾಕ್ಸ್, ಬಲಮಧ್ಯದ ಬಾಕ್ಸ್ ಇಷ್ಟಕ್ಕೂ ಒಂದು ಬಣ್ಣ. 1, 2, 8, 9ನೇ ಕಾಲಂಗಳಿಗೆ ಇನ್ನೊಂದು. ಎರಡೂ ಕಡೆ 1ರಿಂದ 9ರ ನಾಲ್ಕು ಪೂರ್ತಿ ಸೆಟ್, 36 ಮನೆ. ಎರಡೂ ಬಣ್ಣ ಬಿದ್ದ 20 ಮನೆಗಳನ್ನು ಅಳಿಸಿಬಿಡಿ. ಮೊದಲ ಬಣ್ಣದಲ್ಲಿ ಉಳಿಯುವುದು ಉಂಗುರ, ಎರಡನೆಯದರಲ್ಲಿ ಮೂಲೆಗಳು. ಮೂಲೆಗಳಲ್ಲಿ ಕೇಜ್‌ಗಳನ್ನೂ ಉಂಗುರದ ಮೇಲೆ ಗೆರೆಗಳನ್ನೂ ಕಂಡರೆ ಕಟ್ಟಿದವರು ಇದನ್ನೇ ಉದ್ದೇಶಿಸಿದ್ದಾರೆ ಎಂದು ಅನುಮಾನ ಪಡಿ.

ಎಷ್ಟು ಅಂಕಿ ಕೊಡಬೇಕು ಎಂಬ ಚಿಂತೆ ಬಿಡಿ. ಮಾಮೂಲಿ ಸುಡೊಕುವಿಗೆ ಒಂದೇ ಉತ್ತರ ಬರಬೇಕಾದರೆ ಕನಿಷ್ಠ 17 ಅಂಕಿ ಕೊಡಲೇಬೇಕು. 2012ರಲ್ಲಿ ಗ್ಯಾರಿ ಮಗ್ವೈರ್ ಅವರ ಡಬ್ಲಿನ್ ತಂಡ ಕಂಪ್ಯೂಟರ್ ಹುಡುಕಾಟದಿಂದ ಇದನ್ನು ತೋರಿಸಿತು. ಹೊಸ ನಿಯಮ ಸೇರಿಸಿದೊಡನೆ ಆ ಮಿತಿಗೆ ಅರ್ಥವಿಲ್ಲ. 2020ರ ಮೇ ತಿಂಗಳಲ್ಲಿ ಕ್ರ್ಯಾಕಿಂಗ್ ದ ಕ್ರಿಪ್ಟಿಕ್ ಯೂಟ್ಯೂಬ್ ಚಾನೆಲ್‌ನಲ್ಲಿ ಸೈಮನ್ ಆ್ಯಂಟನಿ ಬಿಡಿಸಿದ ಮಿರಕಲ್ ಸುಡೊಕುವಿನಲ್ಲಿ ಕೊಟ್ಟದ್ದು ಎರಡೇ ಅಂಕಿ, ಒಂದು 1, ಒಂದು 2. ಮಿಕ್ಕ ಕೆಲಸ ಮೂರು ನಿಷೇಧಗಳದ್ದು: ಚೆಸ್‌ನ ಕುದುರೆಯ ನಡೆಯಷ್ಟು ದೂರದಲ್ಲಿ ಒಂದೇ ಅಂಕಿ ಇರಬಾರದು, ರಾಜನ ನಡೆಯಷ್ಟು ದೂರದಲ್ಲೂ ಇರಬಾರದು, ಅಡ್ಡಕ್ಕೋ ಉದ್ದಕ್ಕೋ ತಾಗುವ ಮನೆಗಳಲ್ಲಿ ಅನುಕ್ರಮ ಅಂಕಿ ಬರಬಾರದು. ಅದನ್ನು ಕಟ್ಟಿದವರು ಮಿಚೆಲ್ ಲೀ. ಅದನ್ನು ನೋಡಿ ಮರುಳಾಗಿ ಮೊದಲ ಪ್ರಯತ್ನದಲ್ಲೇ ಮೂರು ನಿಯಮ ಬೆರೆಸಬೇಡಿ. ಒಂದು, ಹೆಚ್ಚೆಂದರೆ ಎರಡು. ಬೆಂಗಳೂರಿನಲ್ಲಿ 2017ರಲ್ಲಿ ನಡೆದಂಥ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲೂ ಸ್ಪರ್ಧಿಗಳ ಮುಂದೆ ಬರುವ ರೂಪಾಂತರಗಳು ಬಹುಪಾಲು ಒಂದೇ ಹೊಸ ನಿಯಮದವು. ಅಭ್ಯಾಸಕ್ಕೆ ಲಾಜಿಕ್ ಮಾಸ್ಟರ್ಸ್ ಇಂಡಿಯಾ ತಾಣದ ಹಳೆಯ ಸ್ಪರ್ಧೆಗಳು ಸಾಕಷ್ಟಿವೆ.

ಕಟ್ಟಿ ಮುಗಿದ ಮೇಲೆ ಎರಡು ಪರೀಕ್ಷೆ. ಸಾಫ್ಟ್‌ವೇರ್ ಒಂದೇ ಉತ್ತರ ಎಂದರೆ ಅರ್ಧ ಕೆಲಸ. ಒಂದು ವಾರ ಬಿಟ್ಟು ಖಾಲಿ ಪ್ರತಿಯನ್ನು ನೀವೇ ಬಿಡಿಸಿ, ಪ್ರತಿ ಹೆಜ್ಜೆಗೂ ಒಂದು ವಾಕ್ಯದ ಕಾರಣ ಬರೆಯಿರಿ. ‘ಹೀಗೆ ಹಾಕಿ ನೋಡಿದೆ, ಹನ್ನೆರಡು ಮನೆ ಆದ ಮೇಲೆ ತಪ್ಪಾಯಿತು’ ಎಂದು ಬರೆಯಬೇಕಾದ ಜಾಗ ಬಂದರೆ ಅಲ್ಲೊಂದು ಸುಳಿವು ಕಡಿಮೆಯಿದೆ. ಎರಡನೆಯದು, ಬೇರೊಬ್ಬರಿಗೆ ಕೊಟ್ಟು ಅವರು ಮೊದಲು ತುಂಬಿದ ಐದು ಮನೆ ಯಾವುವು ಎಂದು ಕೇಳಿ. ನೀವು ಅಂದುಕೊಂಡ ಬಾಗಿಲನ್ನು ಬಿಟ್ಟು ಕಿಟಕಿಯಿಂದ ನುಗ್ಗಿದ್ದರೆ ಕಿಟಕಿ ಮುಚ್ಚಿ. ಕಿಟಕಿಯೇ ಚೆಂದ ಅನ್ನಿಸಿದರೆ ಬಾಗಿಲಿನ ಸುಳಿವನ್ನು ತೆಗೆದುಹಾಕಿ.

ನಿಯಮ ಬರೆಯುವಾಗ ಬಾಯಿಮಾತಿನ ಸಡಿಲ ಬೇಡ. ಕೇಜ್‌ನಲ್ಲಿ ಅಂಕಿ ಮರುಕಳಿಸಬಹುದೇ, ಬಾಣದ ಮೇಲೆ ಮರುಕಳಿಸಬಹುದೇ ಎಂದು ಹೇಳಿ. ಕ್ರೊಪ್ಕಿ ಬಗೆಯಲ್ಲಿ ಎರಡು ಮನೆಗಳ ಗಡಿಯ ಮೇಲೆ ಬಿಳಿ ಚುಕ್ಕೆ ಇದ್ದರೆ ಅವುಗಳ ಅಂಕಿಗಳು ಅನುಕ್ರಮ, ಕಪ್ಪು ಚುಕ್ಕೆ ಇದ್ದರೆ ಒಂದು ಇನ್ನೊಂದರ ಇಮ್ಮಡಿ. ಆದರೆ ಸಾಧ್ಯವಿರುವ ಚುಕ್ಕೆಗಳನ್ನೆಲ್ಲ ಕೊಟ್ಟಿದ್ದೀರೋ, ಕೆಲವನ್ನು ಮಾತ್ರವೋ? ಎಲ್ಲ ಕೊಟ್ಟಿದ್ದರೆ ಚುಕ್ಕೆ ಇಲ್ಲದ ಪ್ರತಿ ಗಡಿಯೂ ಒಂದು ಸುಳಿವು. ಆ ಒಂದು ವಾಕ್ಯ ಬಿಟ್ಟುಹೋದರೆ ಬಿಡಿಸುವವರ ಕೈಯಲ್ಲಿರುವುದು ನೀವು ಕಟ್ಟಿದ ಪಜಲ್ ಅಲ್ಲವೇ ಅಲ್ಲ, ಹತ್ತಾರು ಉತ್ತರಗಳಿರುವ ಬೇರೊಂದು.